ಹೊಸ ಸ್ಪೋರ್ಟ್ಸ್ ಕಾರೋ, ಎರಡು ವರ್ಷ ಓಡಿದ್ದೋ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: 1.5 ಲೀಟರ್ ಟರ್ಬೊ ಪೆಟ್ರೋಲ್, 150 ಪಿಎಸ್ ಸೆಡಾನ್ ತಗೋಬೇಕಂತ ಮಾಡೇನ್ರಿ. ಗೋಕುಲ ರೋಡಿನ ಷೋರೂಮಿನ್ಯಾಗ ಹೊಸಾದಕ್ಕ 19 ಲಕ್ಷ ಎಕ್ಸ್-ಷೋರೂಂ ಹೇಳ್ಯಾರ. ಅದೇ ಮಾಡೆಲ್ಲು, 20 ತಿಂಗಳಿಂದು, 18,000 ಕಿ.ಮೀ. ಓಡಿದ್ದು, ಕೆಎ-25 ಪಾಸಿಂಗಿಂದು 15.5 ಲಕ್ಷಕ್ಕ ಸಿಗಾಕತ್ತೈತಿ. 10 ಲಕ್ಷ ಸಾಲ ಮಾಡಬೇಕು. ‘ಬರೇ ಮೂರೂವರಿ ಲಕ್ಷದ ಸಲುವಾಗಿ ಮಂದಿ ಓಡ್ಸಿದ ಗಾಡಿ ಯಾಕ’ ಅಂತಾರ ಮನ್ಯಾಗ. ಏನ್ ಮಾಡ್ಲಿ?
— ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ವ್ಯತ್ಯಾಸ ಮೂರೂವರೆ ಲಕ್ಷವಲ್ಲ, ಮನೆಯವರಿಗೆ ಮೊದಲು ಅದನ್ನು ತಿಳಿಸಿ. ಹೊಸ ಗಾಡಿಗೆ 19 ಲಕ್ಷ ಬರೀ ಷೋರೂಂ ಬೆಲೆ. ಕರ್ನಾಟಕದಲ್ಲಿ 10ರಿಂದ 20 ಲಕ್ಷದೊಳಗಿನ ಕಾರಿಗೆ ಆಜೀವ ತೆರಿಗೆ ಶೇ 17. ಆ ತೆರಿಗೆಯ ಮೇಲೆ ಶೇ 11 ಸೆಸ್. 19 ಲಕ್ಷಕ್ಕೆ ತೆರಿಗೆ 3,23,000, ಸೆಸ್ 35,530, ಒಟ್ಟು 3,58,530 ರೂಪಾಯಿ. ಬೆಲೆ 10 ಲಕ್ಷ ದಾಟಿದ್ದರಿಂದ ಶೇ 1 ಟಿಸಿಎಸ್ (ಮಾರುವವರು ನಿಮ್ಮಿಂದ ಹಿಡಿದು ಕಟ್ಟುವ ಆದಾಯ ತೆರಿಗೆ), ಅಂದರೆ 19,000 (ಇದನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ವಜಾ ಮಾಡಿಕೊಳ್ಳಬಹುದು). ವಿಮೆಗೆ 75,000 ಹಿಡಿದರೂ ಗಾಡಿ ರಸ್ತೆಗಿಳಿಯುವಷ್ಟರಲ್ಲಿ 23.5 ಲಕ್ಷ ದಾಟುತ್ತದೆ. ಕೆಎ-25 ಗಾಡಿಗೆ ಮೊದಲ ಮಾಲೀಕರು ಆಜೀವ ತೆರಿಗೆ ಕಟ್ಟಿಯಾಗಿದೆ, ಅದು ಗಾಡಿಯ ಜೊತೆಗೇ ನಿಮಗೆ ಬರುತ್ತದೆ. ಹಾಗಾಗಿ ನಿಜವಾದ ಅಂತರ 8 ಲಕ್ಷ.

ಇನ್ನು ಹಳೆಯ ಗಾಡಿಯ ಕಡೆಯ ಖರ್ಚು. ಸೆಕೆಂಡ್ ಹ್ಯಾಂಡ್ ಗಾಡಿಯ ಸಾಲಕ್ಕೆ ಬಡ್ಡಿ ಯಾವಾಗಲೂ ಜಾಸ್ತಿ. 10 ಲಕ್ಷಕ್ಕೆ 5 ವರ್ಷ, ಶೇ 9ರಂತೆ ಕಂತು 20,758. ಶೇ 13ರಂತೆ 22,753. ಐದು ವರ್ಷದಲ್ಲಿ ಹೆಚ್ಚುವರಿ ಬಡ್ಡಿ ಸುಮಾರು 1.2 ಲಕ್ಷ. ಟೈರು, ಸರ್ವಿಸ್, ವಿಮೆ, ವರ್ಗಾವಣೆಗೆ ಇನ್ನೊಂದು ಲಕ್ಷ ತೆಗೆದಿಡಿ. ಮುಂದೆ ಮಾರುವಾಗ ಇದು 20 ತಿಂಗಳು ಹೆಚ್ಚು ವಯಸ್ಸಿನ ಗಾಡಿ, ಅದಕ್ಕೆ ಒಂದೂವರೆ ಎರಡು ಲಕ್ಷ ಕಳೆಯಿರಿ. ಇಷ್ಟೆಲ್ಲ ಆದಮೇಲೂ ನಾಲ್ಕು ಲಕ್ಷದ ಆಸುಪಾಸು ನಿಮ್ಮ ಕೈಯಲ್ಲಿ ಉಳಿಯುತ್ತದೆ. ನಮ್ಮ ಮಾತು ಹಳೆಯದರ ಕಡೆಗೇ.

ಆದರೆ ಎರಡು ಷರತ್ತು. ಒಂದು, ಕಂಪನಿ ವಾರಂಟಿ ಕನಿಷ್ಠ ಒಂದು ವರ್ಷವಾದರೂ ಉಳಿದಿರಬೇಕು. ವಾರಂಟಿ ಶುರುವಾಗುವುದು ಮೊದಲ ಮಾಲೀಕರಿಗೆ ಗಾಡಿ ಕೊಟ್ಟ ದಿನದಿಂದ, ನೀವು ಕೊಂಡ ದಿನದಿಂದಲ್ಲ. ಇದು ಕಂಪನಿಯಿಂದ ಕಂಪನಿಗೆ 2, 3, 4 ವರ್ಷ ಹೀಗೆ ಬೇರೆ ಬೇರೆ. ಹೆಚ್ಚುವರಿ ವಾರಂಟಿ ಕೊಳ್ಳುವುದಿದ್ದರೆ ಮೂಲ ವಾರಂಟಿ ಮುಗಿಯುವ ಮೊದಲೇ ಕೊಳ್ಳಬೇಕು, ಮುಗಿದ ಮೇಲೆ ಸಾಮಾನ್ಯವಾಗಿ ಕೊಡುವುದಿಲ್ಲ. ಎರಡು, ಮಾರುವವರು ತಮ್ಮ ಹಳೆಯ ಬಿಲ್ಲು ತೋರಿಸಿ ‘ನಾ ಇಷ್ಟು ಕೊಟ್ಟೇನಿ’ ಅಂದರೆ ಅದನ್ನು ಆಧಾರ ಮಾಡಿಕೊಳ್ಳಬೇಡಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗಿದೆ. ನಿಮ್ಮ 1.5 ಲೀಟರ್ ಸೆಡಾನಿಗೆ ಮೊದಲು ಸೆಸ್ ಸೇರಿ ಶೇ 45 ಇತ್ತು, ಈಗ ಶೇ 40. ಮೂಲ ಬೆಲೆ ಅಷ್ಟೇ ಇದ್ದರೂ ಷೋರೂಂ ಬೆಲೆಯಲ್ಲಿ ಶೇ 3.4 ಇಳಿಕೆ. 4 ಮೀಟರಿನೊಳಗಿನ, 1,200 ಸಿಸಿ ಒಳಗಿನ ಪೆಟ್ರೋಲ್ ಗಾಡಿಗೆ (1.0 ಲೀಟರ್ ಟರ್ಬೊ ಐ20 ಎನ್ ಲೈನ್ ಈ ಗುಂಪಿನದು) ಶೇ 29 ಇದ್ದದ್ದು 18ಕ್ಕೆ ಬಂದಿದೆ, ಅಂದರೆ ಶೇ 8.5 ಇಳಿಕೆ. ಆ ದಿನಕ್ಕಿಂತ ಮೊದಲು ಕೊಂಡವರ ಬೆಲೆಗೆ ಈಗ ಅರ್ಥವಿಲ್ಲ. ಇವತ್ತಿನ ಹೊಸ ಗಾಡಿಯ ಬೆಲೆಯಿಂದಲೇ ಇಳಿಸುತ್ತ ಬನ್ನಿ.

ಇದೇ ಕಾರಣಕ್ಕೆ ಸಣ್ಣ ಹ್ಯಾಚ್‌ಬ್ಯಾಕುಗಳಲ್ಲಿ ನಮ್ಮ ಸಲಹೆ ತಿರುಗುತ್ತದೆ. ಅಲ್ಲಿ ಒಂದು ವರ್ಷದ ಗಾಡಿಗೂ ಹೊಸದಕ್ಕೂ ರಸ್ತೆಗಿಳಿದ ಬೆಲೆಯಲ್ಲಿ ಎರಡು ಲಕ್ಷಕ್ಕಿಂತ ಕಡಿಮೆ ಅಂತರವಿದ್ದರೆ ಹೊಸದನ್ನೇ ತಗೊಳ್ಳಿ. ಹೆಚ್ಚುವರಿ ಬಡ್ಡಿ, ಒಂದು ಜೊತೆ ಟೈರು ಅಷ್ಟನ್ನೂ ತಿಂದುಬಿಡುತ್ತವೆ.

ಪ್ರಶ್ನೆ: ಎರಡು ವರ್ಷದ 2.0 ಲೀಟರ್ ಟರ್ಬೊ ಹ್ಯಾಚ್‌ಬ್ಯಾಕ್ ನೋಡಲು ಬೆಂಗಳೂರಿಗೆ ಹೊರಟಿದ್ದೇವೆ. ಗದಗಿನಿಂದ ಪದೇಪದೇ ಹೋಗಲು ಆಗುವುದಿಲ್ಲ. ಒಂದೇ ದಿನದಲ್ಲಿ ಏನೇನು ನೋಡಬೇಕು? ಕಿಲೋಮೀಟರು ಕಡಿಮೆ ಇದ್ದರೆ ಸಾಕಲ್ಲವೇ?
— ಗದಗ

ಉತ್ತರ: ಸಾಲದು. ಸಾಧಾರಣ ಕಾರಿನಲ್ಲಿ ಕಿಲೋಮೀಟರು ಸವೆತದ ಅಳತೆ. ಸ್ಪೋರ್ಟ್ಸ್ ಕಾರಿನಲ್ಲಿ ಅದು ಎಷ್ಟು ಓಡಿತು ಎನ್ನುವುದಕ್ಕಿಂತ ಹೇಗೆ ಓಡಿತು ಎನ್ನುವುದು ದೊಡ್ಡದು. ಎಂಜಿನ್ ಬಿಸಿಯಾಗುವ ಮೊದಲೇ ಪೂರ್ತಿ ಆಕ್ಸಿಲರೇಟರ್ ಒತ್ತಿದ 9,000 ಕಿ.ಮೀ. ಗಾಡಿಗಿಂತ ಸಮಾಧಾನದಲ್ಲಿ ಹೆದ್ದಾರಿ ಕಂಡ 30,000 ಕಿ.ಮೀ. ಗಾಡಿ ಮೇಲು.

ಹಿಂದಿನ ರಾತ್ರಿಯೇ ಮಾಲೀಕರಿಗೆ ಫೋನ್ ಮಾಡಿ, ನಾವು ಬರುವವರೆಗೆ ಗಾಡಿ ಚಾಲೂ ಮಾಡಬೇಡಿ ಎಂದು ಹೇಳಿ. ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಏನನ್ನೋ ಮುಚ್ಚಲು ಮೊದಲೇ ಚಾಲೂ ಮಾಡಿದ್ದಾರೆ ಎಂದೇ ತಿಳಿದು, ಮೂರು ನಾಲ್ಕು ತಾಸು ಬಿಟ್ಟು ಬನ್ನಿ. ತಣ್ಣಗಿದ್ದ ಎಂಜಿನ್ ಚಾಲೂ ಆದಾಗ ಒಬ್ಬರು ಸೈಲೆನ್ಸರ್ ಹಿಂದೆ ನಿಲ್ಲಬೇಕು. ಮೊದಲ ಕ್ಷಣದ ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ: ವಾಲ್ವ್ ಸೀಲು ಅಥವಾ ಟರ್ಬೊ ಸೀಲು. ಬಿಳಿ ಹೊಗೆ ಚಳಿಯಲ್ಲಿ ಸ್ವಲ್ಪ ಹೊತ್ತು ಸಹಜ. ಎಂಜಿನ್ ಬಿಸಿಯಾದ ಮೇಲೂ ಸಿಹಿ ವಾಸನೆಯೊಂದಿಗೆ ಬರುತ್ತಿದ್ದರೆ ಕೂಲೆಂಟ್ ಒಳಗೆ ಹೋಗುತ್ತಿದೆ. ಇಂಜೆಕ್ಟರುಗಳ ಟಿಕ್ ಟಿಕ್ ಸದ್ದಿಗೆ ಹೆದರಬೇಡಿ, ನೇರ ಇಂಜೆಕ್ಷನ್ ಎಂಜಿನ್‌ಗಳ ಸ್ವಭಾವವೇ ಅದು.

ಆಮೇಲೆ ಕೆಳಗೆ ಕೂತು ಟೈರು ನೋಡಿ. ಪಕ್ಕದ ಗೋಡೆಯ ಮೇಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2323 ಎಂದರೆ 2023ರ 23ನೇ ವಾರ. 2023ರ ಗಾಡಿಗೆ 15,000 ಕಿ.ಮೀ. ಒಳಗೇ 2025ರ ಟೈರು ಇದ್ದರೆ, ಮೊದಲಿನವು ಎಲ್ಲಿ ಹೋದವು ಎಂದು ಕೇಳಲೇಬೇಕು. ಮುಂದಿನ ಟೈರುಗಳ ಹೊರ ಅಂಚು ಉಂಡೆಯಾಗಿ, ದಾರದಂಥ ಗೀರು ಬಿದ್ದಿದ್ದರೆ ತಿರುವುಗಳಲ್ಲಿ ಎಳೆದಾಡಿದ ಗಾಡಿ. ಹಾಗೇ ಚಕ್ರದ ಕಡ್ಡಿಗಳ ಸಂದಿಯಲ್ಲಿ ಬೆರಳು ಹಾಕಿ ಬ್ರೇಕ್ ಡಿಸ್ಕಿನ ಹೊರ ಅಂಚಿಗೆ ಉಗುರು ತಾಗಿಸಿ (ಗಾಡಿ ಓಡುವ ಮೊದಲು, ಓಡಿದ ಮೇಲೆ ಸುಡುತ್ತದೆ). ಪ್ಯಾಡ್ ಉಜ್ಜದ ಕಡೆ ಒಂದು ತೆಳುವಾದ ದಿಂಡು ನಿಂತಿರುತ್ತದೆ. ಉಗುರಿಗೆ ಅದು ಸ್ಪಷ್ಟವಾಗಿ ಮೆಟ್ಟಿಲಿನಂತೆ ಸಿಕ್ಕರೆ ಡಿಸ್ಕ್ ಸಾಕಷ್ಟು ಸವೆದಿದೆ. ಕನಿಷ್ಠ ದಪ್ಪ ಎಷ್ಟಿರಬೇಕೆಂದು ಡಿಸ್ಕಿನ ಮೇಲೇ ಕೊರೆದಿರುತ್ತಾರೆ, ವರ್ನಿಯರ್ ಇಟ್ಟು ಅಳೆಯಬಹುದು. ಪ್ಯಾಡ್ 3 ಮಿ.ಮೀ.ಗೆ ಬಂದಿದ್ದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಬಣ್ಣದ ದಪ್ಪ ಅಳೆಯುವ ಮೀಟರ್ ಬಾಡಿಗೆಗಾದರೂ ತನ್ನಿ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 90ರಿಂದ 150 ಮೈಕ್ರಾನ್. 200ರ ಮೇಲೆ ಬಂದರೆ ಮರುಬಣ್ಣ, 500 ದಾಟಿದರೆ ಕೆಳಗೆ ಪುಟ್ಟಿ. ಬಂಪರಿನ ಮರುಬಣ್ಣ ದೊಡ್ಡ ವಿಷಯವಲ್ಲ; ಚಾವಣಿ ಹೊತ್ತ ಕಂಬಗಳು, ಚಾವಣಿ, ಡಿಕ್ಕಿಯ ಒಳತಳ ಮುಖ್ಯ. ಬಾನೆಟ್ ಕೀಲಿನ ಬೋಲ್ಟುಗಳ ಮೂಲೆಯಲ್ಲಿ ಬಣ್ಣ ಕಿತ್ತಿದ್ದರೆ ಅಲ್ಲಿ ಸ್ಪ್ಯಾನರ್ ಆಡಿದೆ. ಬೆಂಗಳೂರಿನ ಗಾಡಿ ಆದ್ದರಿಂದ ಇನ್ನೊಂದು ಮಾತು: ಮಳೆಗೆ ನೀರು ತುಂಬಿದ ತಳಮಹಡಿಯಲ್ಲಿ ನಿಂತ ಗಾಡಿಗಳೂ ಮಾರಾಟಕ್ಕೆ ಬರುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಮೇಲಿನ ಎರಡು ಅಡಿ ತೊಳೆದಿರುತ್ತಾರೆ, ಒಳಗೆ ಸುತ್ತಿಕೊಂಡ ಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನ ಹಳಿಯ ಕೆಳಗಿನ ತುಕ್ಕು, ಕಾರ್ಪೆಟ್ ಕೆಳಗಿನ ವೈರ್ ಕನೆಕ್ಟರಿನ ಹಸಿರು ಪಾಚಿಬಣ್ಣ ಎರಡೂ ಅದೇ ಕಥೆ ಹೇಳುತ್ತವೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕಣ್ಣಿಗೆ ಕಾಣದ್ದು, ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್. ಟರ್ಬೊ ಕಾರಿನಲ್ಲಿ ಒಂದು ಲ್ಯಾಪ್‌ಟಾಪಿನಿಂದ ಬೂಸ್ಟ್ (ಟರ್ಬೊ ಒಳನೂಕುವ ಗಾಳಿಯ ಒತ್ತಡ) ಏರಿಸಿ 40, 50 ಪಿಎಸ್ ಹೆಚ್ಚಿಸಬಹುದು, ಮಾರುವ ಮುಂಚೆ ಮೂಲ ಫೈಲು ವಾಪಸ್ ಹಾಕಲೂಬಹುದು. ಆದರೆ ಕ್ಲಚ್ಚು, ಪಿಸ್ಟನ್ನು, ಟರ್ಬೊ ಆ ಹೊರೆಯನ್ನು ಹೊತ್ತಿರುತ್ತವೆ. ಎರಡು ಕಡೆ ಗುರುತು ಸಿಗುತ್ತದೆ. ಸ್ಕ್ಯಾನರ್ ಹಾಕಿ ‘ರೆಡಿನೆಸ್ ಮಾನಿಟರ್’ (ಗಾಡಿ ತನ್ನನ್ನು ತಾನೇ ಪರೀಕ್ಷಿಸಿಕೊಂಡ ಪಟ್ಟಿ) ನೋಡಿ. ಹೆಚ್ಚಿನವು ‘ಪೂರ್ಣವಾಗಿಲ್ಲ’ ಎಂದು ತೋರಿಸಿದರೆ ಒಂದೆರಡು ದಿನದ ಹಿಂದಷ್ಟೇ ಯಾರೋ ದೋಷದ ಕೋಡುಗಳನ್ನು ಅಳಿಸಿದ್ದಾರೆ, ಅಥವಾ ಬ್ಯಾಟರಿ ಬಿಚ್ಚಿದ್ದಾರೆ. ಎರಡನೆಯದು, ಅದೇ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಚಾಸಿ ನಂಬರ್ ಕೊಟ್ಟು ಪೂರ್ತಿ ತಪಾಸಣೆ ಮಾಡಿಸಿ. ಫೋಕ್ಸ್‌ವ್ಯಾಗನ್ ಗುಂಪಿನ ಗಾಡಿಗಳಲ್ಲಿ ಸಾಫ್ಟ್‌ವೇರ್ ತಿದ್ದಿದ್ದು ಪತ್ತೆಯಾದರೆ ‘ಟಿಡಿ1’ ಎಂಬ ಗುರುತು ದಾಖಲಾಗುತ್ತದೆ. ಅದು ಬಿದ್ದ ಗಾಡಿಗೆ ಎಂಜಿನ್, ಗೇರ್‌ಬಾಕ್ಸಿನ ವಾರಂಟಿ ಸಿಗುವುದು ಕಷ್ಟ. ಪೋರ್ಷೆಯಲ್ಲಾದರೆ ಎಂಜಿನ್ ಮಿತಿ ಮೀರಿ ಸುತ್ತಿದ್ದು ಎಷ್ಟು ಸಲ, ಓಡಿದ ಎಷ್ಟನೇ ತಾಸಿನಲ್ಲಿ ಎಂಬ ಲೆಕ್ಕವೂ ಸಿಗುತ್ತದೆ. ತಪಾಸಣೆಗೆ ಕಳಿಸಲು ಮಾಲೀಕರು ಒಪ್ಪದಿದ್ದರೆ ಅಲ್ಲಿಗೆ ಮಾತು ಮುಗಿಸಿ ಗದಗಿನ ಬಸ್ಸು ಹತ್ತಿ. ಬೆಲೆ ಎಷ್ಟೇ ಇಳಿಸಿದರೂ ಹಿಂತಿರುಗಬೇಡಿ.

ಓಡಿಸಿ ನೋಡುವುದು 30 ನಿಮಿಷಕ್ಕೆ ಕಡಿಮೆ ಬೇಡ. ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್) ಗೇರ್‌ಬಾಕ್ಸ್ ತಣ್ಣಗಿದ್ದಾಗ ಚೆನ್ನಾಗಿಯೇ ಇರುತ್ತದೆ, ಟ್ರಾಫಿಕ್‌ನಲ್ಲಿ 20 ನಿಮಿಷ ತೆವಳಿದ ಮೇಲೆ ಒಂದರಿಂದ ಎರಡಕ್ಕೆ ಹೋಗುವಾಗ ನಡುಗುತ್ತದೆಯೇ ನೋಡಿ. ಏರಿನಲ್ಲಿ ರಿವರ್ಸ್ ಹಾಕಿ ನಿಧಾನ ಹತ್ತಿಸಿ. ಮ್ಯಾನುಯಲ್ ಆದರೆ ನಾಲ್ಕನೇ ಗೇರಿನಲ್ಲಿ ಗಂಟೆಗೆ 50 ಕಿ.ಮೀ. ವೇಗದಿಂದ ಪೂರ್ತಿ ಒತ್ತಿ. ವೇಗ ಏರದೆ ಆರ್‌ಪಿಎಂ ಮಾತ್ರ ಏರಿದರೆ ಕ್ಲಚ್ ಜಾರುತ್ತಿದೆ.

ಇನ್ನೊಂದು: 2023ರ ಏಪ್ರಿಲ್ 1ರಿಂದ ತಯಾರಾದ ಪೆಟ್ರೋಲ್ ಕಾರುಗಳ ಇಂಧನ ಕೊಳವೆ, ಸೀಲುಗಳು ಶೇ 20 ಎಥನಾಲ್ ತಡೆಯುವಂಥವು. ಈಗ ಬಂಕುಗಳಲ್ಲಿ ಸಿಗುವುದು ಬಹುಪಾಲು ಅದೇ ಇ20. ಪೆಟ್ರೋಲ್ ಮುಚ್ಚಳದ ಒಳಗಿನ ಚೀಟಿ ಓದಿ, ಆರ್‌ಸಿಯಲ್ಲಿ ತಯಾರಿಕೆಯ ತಿಂಗಳು ನೋಡಿ. ಬೆಲೆ ಸಮ ಇದ್ದರೆ ಆ ದಿನದ ನಂತರದ್ದೇ ಇರಲಿ.

ಪ್ರಶ್ನೆ: 60 ಲಕ್ಷ ಷೋರೂಂ ಬೆಲೆಯ ಜರ್ಮನ್ ಕಾರು, ಮೂರು ವರ್ಷದ್ದು, ಪುದುಚೇರಿ ಪಾಸಿಂಗ್, ಕೇಳಿದರೆ ನಂಬಲಾಗದಷ್ಟು ಅಗ್ಗಕ್ಕೆ ಸಿಗುತ್ತಿದೆ. ಹಾಗೇ ಓಡಿಸಬಹುದೇ?
— ಹಾವೇರಿ

ಉತ್ತರ: ಹಾಗೇ ಓಡಿಸುವ ವಿಚಾರ ಬಿಡಿ. ಅಗ್ಗ ಕಾಣುವುದಕ್ಕೆ ಕಾರಣ ಅದಕ್ಕೆ ಕರ್ನಾಟಕದ ತೆರಿಗೆ ಕಟ್ಟಿಲ್ಲದಿರುವುದು. 20 ಲಕ್ಷದ ಮೇಲಿನ ಗಾಡಿಗೆ ಇಲ್ಲಿ ಶೇ 18, ಅದರ ಮೇಲೆ ಶೇ 11 ಸೆಸ್. 60 ಲಕ್ಷಕ್ಕೆ ಹೊಸದಾದರೆ 11,98,800 ರೂಪಾಯಿ. ಹಳೆಯ ಗಾಡಿಗೆ ವಯಸ್ಸಿಗೆ ತಕ್ಕಂತೆ ಇದರಲ್ಲಿ ಒಂದಷ್ಟು ಕಡಿಮೆಯಾಗುತ್ತದೆ. ಆದರೆ ಲೆಕ್ಕ ಹಿಡಿಯುವುದು ಮೂಲ ಬಿಲ್ಲಿನ ಬೆಲೆಯ ಮೇಲೆ, ನೀವು ಕೊಟ್ಟ ಬೆಲೆಯ ಮೇಲಲ್ಲ. ಇಲ್ಲಿಯ ತೆರಿಗೆ ತಪ್ಪಿಸಿ ಹೊರರಾಜ್ಯದ ನೋಂದಣಿಯಲ್ಲಿ ಓಡಾಡುತ್ತಿದ್ದ ಐಷಾರಾಮಿ ಕಾರುಗಳನ್ನು ಸಾರಿಗೆ ಇಲಾಖೆ 2025ರಲ್ಲಿ ಬೆಂಗಳೂರಿನಲ್ಲಿ ಹಿಡಿದು ನಿಲ್ಲಿಸಿತ್ತು.

ಕ್ರಮ ಹೀಗೆ: ಮಾರುವವರು ತಮ್ಮ ಆರ್‌ಟಿಒದಿಂದ ನಮೂನೆ 28ರಲ್ಲಿ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ತರಬೇಕು, ಸಾಲ ಇದ್ದಿದ್ದರೆ ನಮೂನೆ 35ರಲ್ಲಿ ಬ್ಯಾಂಕಿನ ಹೆಸರು ತೆಗೆಸಬೇಕು. ನಮೂನೆ 29 ಮತ್ತು 30ಕ್ಕೆ ಇಬ್ಬರ ಸಹಿ. ಎನ್‌ಒಸಿಯಲ್ಲಿ ಹಾವೇರಿ ಆರ್‌ಟಿಒ ಹೆಸರು, ಅಂದರೆ ಕೆಎ-27 ಇರಬೇಕು. ‘ಕರ್ನಾಟಕ’ ಎಂದಷ್ಟೇ ಬರೆಸಿಕೊಂಡು ಬಂದರೆ ಮತ್ತೆ ಓಡಾಟ. ಅಲ್ಲಿ ಕಟ್ಟಿದ ತೆರಿಗೆಯ ವಾಪಸಾತಿಯನ್ನು ನಂಬಿ ಹೆಚ್ಚು ಬೆಲೆ ಕೊಡಬೇಡಿ. ಎನ್‌ಒಸಿ ಕೈಗೆ ಬರುವವರೆಗೆ ಪೂರ್ತಿ ಹಣವನ್ನೂ ಕೊಡಬೇಡಿ. ಎಲ್ಲ ಕೂಡಿಸಿದರೆ ಅದೇ ಮಾಡೆಲ್ಲಿನ ಕರ್ನಾಟಕ ಪಾಸಿಂಗ್ ಗಾಡಿಗೂ ಇದಕ್ಕೂ ಅಂತರ ಬಹಳ ಉಳಿಯುವುದಿಲ್ಲ.

ಪ್ರಶ್ನೆ: ಹಳೆಯ ಮಾಲೀಕರ ವಿಮೆಯಲ್ಲಿ ಶೇ 35 ನೋ ಕ್ಲೇಮ್ ಬೋನಸ್ ಇದೆ. ಗಾಡಿ ಕೊಂಡರೆ ನನಗೆ ಬರುತ್ತದೆಯೇ?
— ಧಾರವಾಡ

ಉತ್ತರ: ಬರುವುದಿಲ್ಲ. ಕ್ಲೇಮು ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ಈ ರಿಯಾಯಿತಿ ಗಾಡಿಯದಲ್ಲ, ಮಾಲೀಕರದು. ಆದರೆ ಶೇ 35 ಎಂಬುದು ನಿಮಗೊಂದು ಒಳ್ಳೆಯ ಸುಳಿವು: ಅದು ಸತತ ಮೂರು ವರ್ಷ ಕ್ಲೇಮು ಮಾಡದ ಗುರುತು. ಗಾಡಿಗೆ ಎರಡೇ ವರ್ಷವಾಗಿದ್ದರೆ ಆ ಬೋನಸ್ ಹಿಂದಿನ ಗಾಡಿಯಿಂದ ಬಂದದ್ದು. ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಕೊಡಿ. ಥರ್ಡ್ ಪಾರ್ಟಿ ಭಾಗ ತಾನಾಗಿ ವರ್ಗವಾದಂತೆ ಲೆಕ್ಕ, ಸ್ವಂತ ಹಾನಿಯ ಭಾಗ ಹಾಗಲ್ಲ. ಹೆಸರು ಬದಲಾಗುವ ಮುಂಚೆ ಗಾಡಿ ಎಲ್ಲಾದರೂ ಬಡಿದರೆ ದುರಸ್ತಿ ಖರ್ಚು ನಿಮ್ಮ ತಲೆಗೇ.

ಪ್ರಶ್ನೆ: ನಮ್ಮದು ಎರಿ ಭೂಮಿ, ರಸ್ತೆ ಪೂರಾ ಅಲೆ ಅಲೆ. ನೋಡಿದ ಸೆಕೆಂಡ್ ಹ್ಯಾಂಡ್ ಗಾಡಿಗೆ 18 ಇಂಚಿನ ಚಕ್ರ, 225/40 ಟೈರು ಐತಿ. ನಡೀತೈತೇನ್ರಿ?
— ನರಗುಂದ

ಉತ್ತರ: 18 ಇಂಚು ನಿಮ್ಮ ಕಡೆಗೆ ಬೇಡ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಮೇಲಿನ ಡಾಂಬರು ಸಮ ನಿಲ್ಲುವುದಿಲ್ಲ. ಅಂಚು ಕುಸಿದು ಗುಂಡಿಯ ಬಾಯಿ ಚೂಪಾಗುತ್ತದೆ. 225/40 ಟೈರಿನ ಪಕ್ಕದ ಗೋಡೆ 90 ಮಿ.ಮೀ. (225 ಮಿ.ಮೀ. ಅಗಲದ ಶೇ 40) ಎತ್ತರ ಅಷ್ಟೇ. ಗುಂಡಿಯ ಅಂಚಿಗೆ ಬಡಿದಾಗ ಟೈರು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕು ಒಳಗಿನ ದಾರ ಹರಿಯುತ್ತದೆ, ಮಾರನೆಯ ದಿನ ಗೋಡೆಯ ಮೇಲೆ ಬೋರೆ ಕಾಯಿಯಷ್ಟು ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದ ಟೈರಿಗೆ ದುರಸ್ತಿಯಿಲ್ಲ, ತೆಗೆದು ಹಾಕಲೇಬೇಕು.

225/45 ಆರ್17 ಹಾಕಿದರೆ ಒಟ್ಟು ವ್ಯಾಸ 634 ಮಿ.ಮೀ., ಮೊದಲಿನದು 637. ಸ್ಪೀಡೋಮೀಟರಿನಲ್ಲಿ ವ್ಯತ್ಯಾಸ ಬೀಳುವುದಿಲ್ಲ, ಗೋಡೆ 101 ಮಿ.ಮೀ. ಆಗುತ್ತದೆ. 17 ಇಂಚಿನ ರಿಮ್ ಬ್ರೇಕ್ ಕ್ಯಾಲಿಪರಿಗೆ ತಾಗುವುದಿಲ್ಲವೇ ಎಂದು ಮೊದಲು ಒಂದು ಚಕ್ರ ಮಾತ್ರ ಕೂಡಿಸಿ, ಕೈಯಿಂದ ತಿರುಗಿಸಿ ನೋಡಿ. ಈಗಿನ ಚಕ್ರಗಳನ್ನು ಬ್ಯಾಲೆನ್ಸಿಂಗ್ ಮಷೀನಿಗೆ ಹಾಕಿಸಿ, ರಿಮ್ಮಿನ ಒಳ ಅಂಚನ್ನು ನೋಡಿ. ಬಿರುಕು, ಡೊಂಕು ಬರುವುದು ಹೊರಗೆ ಕಾಣದ ಆ ಬದಿಯಲ್ಲೇ. ಗಂಟೆಗೆ 80ರಿಂದ 100 ಕಿ.ಮೀ. ನಡುವೆ ಸ್ಟೇರಿಂಗ್ ನಡುಗಿದರೆ ಅದೇ ಕಾರಣವಿರಬಹುದು.

ಪ್ರಶ್ನೆ: ಎಲ್ಲ ಕೇಳಿಯೂ ಹೊಸದನ್ನೇ ಬುಕ್ ಮಾಡಿದ್ದೇನೆ. ಡೆಲಿವರಿಗೆ ಮೊದಲು, ಆಮೇಲೆ ಏನು ಎಚ್ಚರಿಕೆ?
— ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ನೋಂದಣಿಗೆ ಕಾಗದ ಕೊಡುವ ಮೊದಲೇ ಯಾರ್ಡಿಗೆ ಹೋಗಿ ಗಾಡಿ ನೋಡಿ, ನಿಮ್ಮ ಹೆಸರಿಗೆ ಪಾಸಿಂಗ್ ಆದ ಮೇಲೆ ಬೇರೆ ಗಾಡಿ ಕೊಡಿ ಎನ್ನಲು ಬರುವುದಿಲ್ಲ. ಹಗಲು ಬೆಳಕಿನಲ್ಲಿ, ಗಾಡಿ ತೊಳೆದ ಮೇಲೆ ನೋಡಬೇಕು. ಚಾಸಿ ತಟ್ಟೆಯಲ್ಲಿ ತಯಾರಿಕೆಯ ತಿಂಗಳು, ಟೈರುಗಳ ವಾರ, ಬ್ಯಾಟರಿಯ ದಿನಾಂಕ ಮೂರನ್ನೂ ಬರೆದುಕೊಳ್ಳಿ. ಕಳೆದ ವರ್ಷದ ಸ್ಟಾಕ್ ಇದ್ದರೆ ರಿಯಾಯಿತಿ ಕೇಳುವುದು ನಿಮ್ಮ ಹಕ್ಕು, ಏಕೆಂದರೆ ಮಾರುವಾಗ ಕೊಳ್ಳುವವರು ಎಣಿಸುವುದು ತಯಾರಾದ ವರ್ಷವನ್ನೇ. ಓಡೋಮೀಟರಿನಲ್ಲಿ ನೂರಾರು ಕಿ.ಮೀ. ಇದ್ದರೆ ಅದು ಟೆಸ್ಟ್ ಡ್ರೈವಿಗೆ ಓಡಿಸಿದ ಗಾಡಿ ಇರಬಹುದು, ತಿರಸ್ಕರಿಸಿ. ವಿಮೆಯಲ್ಲಿ ‘ರಿಟರ್ನ್ ಟು ಇನ್‌ವಾಯ್ಸ್’ (ಗಾಡಿ ಕಳುವಾದರೆ ಬಿಲ್ಲಿನ ಬೆಲೆಯನ್ನೇ ಕೊಡುವ ಸೌಲಭ್ಯ) ಸೇರಿಸಿ. ಸಾಮಾನ್ಯ ಪಾಲಿಸಿಯಲ್ಲಿ ಆರು ತಿಂಗಳಿಗೇ ಗಾಡಿಯ ಬೆಲೆ ಶೇ 5, ವರ್ಷದೊಳಗೆ ಶೇ 15, ಎರಡನೇ ವರ್ಷ ಶೇ 20 ಕಡಿದು ಎಣಿಸುತ್ತಾರೆ. ಗಾಡಿ ಕಳುವಾದರೆ ಸಿಗುವುದು ಅಷ್ಟೇ.

ಮೊದಲ 1,500 ಕಿ.ಮೀ. ಎಂಜಿನ್ ಪಳಗುವ ಕಾಲ. ಹೊಸ ಗಾಡಿ ಬಂದ ದಿನವೇ ಎನ್‌ಎಚ್-48 ಹಿಡಿದು ಹಾವೇರಿಯವರೆಗೆ ಕ್ರೂಸ್ ಕಂಟ್ರೋಲ್ ಹಾಕಿ ಒಂದೇ ವೇಗದಲ್ಲಿ ಹೋಗುವ ಆಸೆ ಎಲ್ಲರಿಗೂ ಇರುತ್ತದೆ. ಅದು ಬೇಡ. ಪಿಸ್ಟನ್ ರಿಂಗುಗಳು ಸಿಲಿಂಡರ್ ಗೋಡೆಗೆ ಸರಿಯಾಗಿ ಕೂಡಬೇಕಾದರೆ ಹೊರೆ ಮತ್ತು ವೇಗ ಏರಿಳಿಯುತ್ತಿರಬೇಕು. 4,000 ಆರ್‌ಪಿಎಂ ಒಳಗೆ, ಗೇರು ಬದಲಿಸುತ್ತ, ಪೂರ್ತಿ ಆಕ್ಸಿಲರೇಟರ್ ಒತ್ತದೆ ಓಡಿಸಿ. ಕೈಪಿಡಿಯಲ್ಲಿ ಬೇರೆ ಮಿತಿ ಹೇಳಿದ್ದರೆ ಅದನ್ನೇ ಪಾಲಿಸಿ. ಬಿಎಂಡಬ್ಲ್ಯು ಎಂ ಗಾಡಿಗಳಿಗೆ 2,000 ಕಿ.ಮೀ.ಗೆ ಆಯಿಲ್ ಬದಲಿಸುವ ವಿಶೇಷ ಸರ್ವಿಸೇ ಇದೆ, ಅದನ್ನು ತಪ್ಪಿಸಿದರೆ ವಾರಂಟಿಯ ಮಾತು ಬಂದಾಗ ತೊಂದರೆ. ಕೂಲೆಂಟಿನ ಮುಳ್ಳು ಮಧ್ಯಕ್ಕೆ ಬಂದರೂ ಆಯಿಲ್ ಇನ್ನೂ ಬಿಸಿಯಾಗಿರುವುದಿಲ್ಲ, ಅದಕ್ಕೆ ಇನ್ನೂ ಐದು ಹತ್ತು ನಿಮಿಷ ಬೇಕು. ಕೇಶ್ವಾಪುರದಿಂದ ಹೊರಟರೆ ಉಣಕಲ್ ಕೆರೆ ದಾಟುವವರೆಗೆ ಮೆತ್ತಗೆ ಹೋಗಿ, ಅಲ್ಲಿಗೆ ಆಯಿಲ್ ತಕ್ಕಮಟ್ಟಿಗೆ ಬಿಸಿಯಾಗಿರುತ್ತದೆ.